ಹುಣಸೆಹಣ್ಣು ಮುಟ್ಟಿದ ಕೊಡ

ನಮ್ಮ ಮನೆಯ ತಾಮ್ರದ ಕೊಡಕ್ಕೆ ಪ್ರತಿ ಶುಕ್ರವಾರ ಹುಣಸೆಹಣ್ಣಿನ ಸ್ನಾನ. ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಹಾಕಿ ತಿಕ್ಕಿದರೆ ಕಪ್ಪಾಗಿದ್ದ ಕೊಡ ಮದುವಣಗಿತ್ತಿಯಂತೆ ಹೊಳೆಯುತ್ತದೆ. ಐದನೆಯ ತರಗತಿಯ ಮೊಮ್ಮಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ.

“ಆಯಿ, ಕೊಡದ ಹೊಲಸೆಲ್ಲಾ ಹೋತಲ್ಲ?”

“ಹೊಲಸಲ್ಲೋ ತಮ್ಮಾ, ತಾಮ್ರಾನ ಹೋಗಾಕತ್ತೈತಿ.”

ಅವನು ನಂಬಲಿಲ್ಲ. ನಂಬುವ ದಿನ ಬೇಗನೆ ಬಂತು.

ಅವನ ಹುಟ್ಟುಹಬ್ಬಕ್ಕೆ ಯಾರೋ ತಾಮ್ರದ ನೀರಿನ ಬಾಟಲಿ ಕೊಟ್ಟಿದ್ದರು. ಬೇಸಿಗೆಯ ಒಂದು ದಿನ ಅವನು ಅದರಲ್ಲಿ ನೀರಿನ ಬದಲು ಲಿಂಬೆಹಣ್ಣಿನ ಶರಬತ್ತು ತುಂಬಿಕೊಂಡು ಶಾಲೆಗೆ ಹೋದ. ನಾನೇ ಹಿಂಡಿಕೊಟ್ಟದ್ದು. ಯಾವುದರಲ್ಲಿ ತುಂಬುತ್ತಾನೆಂದು ನೋಡಲಿಲ್ಲ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕುಡಿದ. “ಒಂಥರಾ ಕಬ್ಬಿಣ ನೆಕ್ಕಿದಂಗ ಇತ್ತು” ಎಂದು ಆಮೇಲೆ ಹೇಳಿದ. ಅರ್ಧ ಗಂಟೆಯಲ್ಲಿ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡತೊಡಗಿದ. ಡಾಕ್ಟರು ಮೊದಲು ಕೇಳಿದ್ದು ಏನು ತಿಂದೆ ಎಂದು. ಎರಡನೆಯದಾಗಿ ಕೇಳಿದ್ದು, “ಯಾವುದರಾಗ ಕುಡಿದಿ?” ಸಂಜೆಯ ಹೊತ್ತಿಗೆ ಹುಡುಗ ಗೆಲುವಾದ. ನನ್ನ ಎದೆ ಮಾತ್ರ ರಾತ್ರಿಯವರೆಗೂ ಹೊಡೆದುಕೊಳ್ಳುತ್ತಿತ್ತು.

ಆಗಿದ್ದು ಇಷ್ಟೆ. ತಾಮ್ರ ಗಾಳಿಗೆ ಕಪ್ಪಾಗುತ್ತದೆ, ತೇವದಲ್ಲಿ ಬಹಳ ದಿನ ಇದ್ದರೆ ಹಸಿರು ಕಿಲುಬು ಹಿಡಿಯುತ್ತದೆ. ಹುಳಿ ಬಿದ್ದರೆ ಆ ಕಪ್ಪೂ ಕಿಲುಬೂ ಕರಗಿ ನೀರಿಗೆ ಇಳಿಯುತ್ತವೆ. ಹುಳಿಯನ್ನು ಅಲ್ಲೇ ಬಿಟ್ಟರೆ ಅದು ಗಾಳಿಯ ಜೊತೆ ಸೇರಿ ತಾಮ್ರವನ್ನೂ ಮೆಲ್ಲಗೆ ಕರಗಿಸುತ್ತದೆ. ಕೊಡವನ್ನು ಹೊಳೆಯಿಸುವ ಹುಣಸೆಹಣ್ಣು ಮಾಡುವ ಕೆಲಸವೂ ಬಾಟಲಿಯೊಳಗಿನ ಲಿಂಬೆ ಮಾಡುವ ಕೆಲಸವೂ ಒಂದೇ. ಕೊಡ ತಿಕ್ಕಿದ ನೀರನ್ನು ನಾವು ಚೆಲ್ಲುತ್ತೇವೆ, ಅವನು ಶರಬತ್ತನ್ನು ಕುಡಿದ. ಮಜ್ಜಿಗೆ, ಮೊಸರು, ಸಾರು, ಉಪ್ಪಿನಕಾಯಿ ಎಲ್ಲದಕ್ಕೂ ಇದೇ ಮಾತು.

ಹಾಗಾದರೆ ತಾಮ್ರದ ಕೊಡವನ್ನೇ ಮೂಲೆಗೆ ಹಾಕಬೇಕೆ? ನನ್ನ ಸೊಸೆ ಅಂದೇ ಹಾಗೆ ಹೇಳಿದಳು. ನಾನು ಒಪ್ಪಲಿಲ್ಲ. ನಮ್ಮೂರು ಭೋಜ, ವೇದಗಂಗಾ, ದೂಧಗಂಗಾ ಎರಡೂ ಹೊಳೆಗಳು ಕೂಡುವ ಜಾಗ. ಮಳೆಗಾಲದಲ್ಲಿ ಹೊಳೆ ಕೆಂಪಗೆ ಉಕ್ಕಿದಾಗ ನೀರಿನ ಭಯ ಏನೆಂದು ಇಲ್ಲಿಯ ಅಜ್ಜ-ಅಜ್ಜಿಯರನ್ನು ಕೇಳಬೇಕು. ಬೆಂಗಳೂರಿನ ಸಂಶೋಧಕಿ ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಸಂಗಡಿಗರು ತಾಮ್ರದ ಕೊಡವನ್ನು ಪರೀಕ್ಷೆಗೆ ಒಡ್ಡಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಲರಾ, ಟೈಫಾಯಿಡ್, ರಕ್ತಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಕೊಡದಲ್ಲಿ ಇಟ್ಟಾಗ ಅವು ಒಂದೂ ಉಳಿಯಲಿಲ್ಲ. ಆ ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 2 ಮಿಲಿಗ್ರಾಂ. ನಮ್ಮ ದೇಶದ ಮಾನಕ ಇನ್ನೂ ಬಿಗಿ: 0.05 ಮಿಲಿಗ್ರಾಂ ಇದ್ದರೆ ಉತ್ತಮ, ಬೇರೆ ನೀರು ಸಿಗದಿದ್ದರೆ 1.5ರ ತನಕ ನಡೆಯುತ್ತದೆ. ನಮ್ಮ ಮೈಗೂ ತಾಮ್ರ ಬೇಕು, ದಿನಕ್ಕೆ ಒಂದೆರಡು ಮಿಲಿಗ್ರಾಂ. ಅದು ಕಾಳು, ಶೇಂಗಾ, ಎಳ್ಳಿನಲ್ಲೇ ಸಿಕ್ಕುತ್ತದೆ. ರಾತ್ರಿ ತುಂಬಿಟ್ಟು ಬೆಳಿಗ್ಗೆ ಕುಡಿಯುವ ನಮ್ಮ ರೂಢಿಗೆ ಭಯವಿಲ್ಲ. ಕೆಸರು ನೀರನ್ನು ಮಾತ್ರ ಸೋಸಿ ಕುದಿಸಲೇಬೇಕು. ಆ ಕೆಲಸವನ್ನು ಕೊಡ ಮಾಡುವುದಿಲ್ಲ.

ವಿದೇಶದಲ್ಲಿರುವ ನಮ್ಮವರ ಮನೆಗಳಲ್ಲಿ ಕೊಡವಿಲ್ಲ, ಗೋಡೆಯೊಳಗೆ ತಾಮ್ರದ ಕೊಳವೆಗಳಿರುತ್ತವೆ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಸ್ವಲ್ಪ ಹರಿಯಬಿಟ್ಟು ಆಮೇಲೆ ಹಿಡಿಯಿರಿ ಎಂದು ಅಲ್ಲಿ ಹೇಳುವುದೂ ಇದೇ ಕಾರಣಕ್ಕೆ.

ಆದರೆ ಹಾಲಿನ ಕಥೆ ಬೇರೆ. ಅದನ್ನು ಬರೆಯುವಾಗ ನನಗೆ ನನ್ನ ಅತ್ತೆ ನೆನಪಾಗುತ್ತಾರೆ. ಅವರ ಎರಡನೆಯ ಮಗು ಒಂದೂವರೆ ವರ್ಷಕ್ಕೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ ತೀರಿಕೊಂಡಿತು. ದೃಷ್ಟಿ ಎಂದರು, ದೇವರ ಇಚ್ಛೆ ಎಂದರು. ಯಾವ ರೋಗವೆಂದು ಯಾರೂ ಹೇಳಲಿಲ್ಲ, ನಾನೂ ಈಗ ಹೇಳಲಾರೆ. ಅಂಥ ಮಕ್ಕಳು ಆ ಕಾಲದಲ್ಲಿ ದೇಶದ ಎಷ್ಟೋ ಕಡೆ ಇದ್ದರು. ಯಕೃತ್ತು ಕಲ್ಲಿನಂತೆ ಗಟ್ಟಿಯಾಗುವ ಈ ರೋಗವನ್ನು ವೈದ್ಯರು ಭಾರತೀಯ ಬಾಲ್ಯ ಸಿರೋಸಿಸ್ ಎಂದು ಕರೆದರು. ಬಂದ ಮಕ್ಕಳಲ್ಲಿ ಉಳಿದವರು ಕಡಿಮೆ.

ನಮಗೆ ಹತ್ತಿರದ ಪುಣೆಯ ಕೆಇಎಂ ಆಸ್ಪತ್ರೆಯಲ್ಲಿ ಶೀಲಾ ಭಾವೆ, ಆನಂದ ಪಂಡಿತ್ ಮತ್ತು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಎಂಬ ವೈದ್ಯರು ಇದರ ಬೆನ್ನು ಹತ್ತಿದರು. ಮಗುವಿಗೆ ಹಾಲನ್ನು ಯಾವ ಪಾತ್ರೆಯಲ್ಲಿ ಕಾಯಿಸುತ್ತಿದ್ದಿರಿ ಎಂದು ತಾಯಂದಿರನ್ನು ಕೇಳಿದರು. ಉತ್ತರ ಮತ್ತೆ ಮತ್ತೆ ಒಂದೇ ಬಂತು: ಹಿತ್ತಾಳೆ ಅಥವಾ ತಾಮ್ರದ ಪಾತ್ರೆ. ಎದೆಹಾಲು ಬೇಗ ಬಿಡಿಸಿ, ಅಂಥ ಪಾತ್ರೆಯಲ್ಲಿ ಕಾಯಿಸಿಟ್ಟ ಆಕಳ, ಎಮ್ಮೆಯ ಹಾಲು ಕುಡಿಸಿದ ಮನೆಗಳು. 1983ರಲ್ಲಿ ಈ ಸಂಗತಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರವೇ. ಹಾಲಿನ ಪ್ರೋಟೀನು ಆ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ನೀರು ಅಷ್ಟು ಹಿಡಿಯುವುದಿಲ್ಲ. ದೊಡ್ಡವರ ಯಕೃತ್ತು ಹೆಚ್ಚಾದ ತಾಮ್ರವನ್ನು ಪಿತ್ತದ ಜೊತೆ ಹೊರಹಾಕುತ್ತದೆ, ಎಳೆಯ ಕೂಸಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದೇ ಹಾಲು ಕುಡಿದ ಎಲ್ಲ ಮಕ್ಕಳಿಗೂ ರೋಗ ಬರಲಿಲ್ಲ, ಮನೆತನದ ಗುಣವೂ ಸೇರಿರಬೇಕೆಂದು ವೈದ್ಯರು ಹೇಳುತ್ತಾರೆ. ಆದರೂ ಪಾತ್ರೆ ಬದಲಾಯಿತು, ಸ್ಟೀಲು ಬಂತು, ರೋಗ ಅಪರೂಪವಾಯಿತು. ಆಸ್ಟ್ರಿಯಾ ದೇಶದ ಟಿರೋಲ್ ಎಂಬ ಗುಡ್ಡಗಾಡಿನಲ್ಲೂ 1900ರಿಂದ 1974ರ ನಡುವೆ ಇಂಥದೇ ರೋಗಕ್ಕೆ 138 ಕೂಸುಗಳು ಬಲಿಯಾಗಿದ್ದವು. ಅಲ್ಲೂ ಹಾಲು ಕುದಿಸುತ್ತಿದ್ದದ್ದು ತಾಮ್ರದ ಪಾತ್ರೆಯಲ್ಲಿ.

ಹಿರಿಯರಿಗೆ ಇದು ಪೂರ್ತಿ ಗೊತ್ತಿರಲಿಲ್ಲವೆಂದೂ ಹೇಳಲಾಗದು. ಅಡುಗೆಯ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ಗಿಡದ ಕೆಳಗೆ ತಿದಿ ಹೂಡಿ, ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಸವರಿದ ಕೂಡಲೇ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಬಣ್ಣ! ಆ ಹೊಗೆಯ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ತವರಕ್ಕೆ ಹುಳಿ ಅಷ್ಟು ಬೇಗ ತಾಗುವುದಿಲ್ಲ. ಕಷ್ಟವೆಂದರೆ ಕಲಾಯಿ ಸವೆಯುತ್ತದೆ, ಮತ್ತೆ ಹಾಕಿಸಲು ದುಡ್ಡು ಬೇಕು. ಬಡತನದ ವರ್ಷಗಳಲ್ಲಿ ಒಳಗೆ ಹಳದಿ ಕಾಣುತ್ತಿದ್ದ ಬೋಗುಣಿಯಲ್ಲೇ ಅತ್ತೆ ಹಾಲು ಕಾಯಿಸಿದ್ದನ್ನು ನಾನು ಕಂಡಿದ್ದೇನೆ.

ಆ ಬೋಗುಣಿ ಈಗ ಅಟ್ಟದ ಮೇಲಿದೆ. ಮಾರಲು ಮನಸ್ಸಿಲ್ಲ. ಈಚೆಗೆ ಹಳೆಯ ಪಾತ್ರೆಗಳ ಮೇಲೆ ಮತ್ತೆ ಪ್ರೀತಿ ಬಂದು ಅನೇಕರು ಅವನ್ನು ಅಟ್ಟದಿಂದ ಇಳಿಸುತ್ತಿದ್ದಾರೆ. ಇಳಿಸುವವರು ಮೊದಲು ಒಳಗೆ ಇಣುಕಿ ಕಲಾಯಿ ಉಳಿದಿದೆಯೇ ನೋಡಲಿ. ಹುಟ್ಟಿನಿಂದಲೇ ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ ಇರುವವರು ಮನೆಯಲ್ಲಿದ್ದರೆ ಅವರಿಗೆ ತಾಮ್ರದ ಕೊಡದ ನೀರೂ ಬೇಡ.

ಮೊಮ್ಮಗ ಕಳೆದ ವಾರ ತನ್ನ ಬಾಟಲಿಗೆ ತಾನೇ ಒಂದು ಚೀಟಿ ಅಂಟಿಸಿದ್ದಾನೆ: “ನೀರು ಮಾತ್ರ.” ಮರುದಿನ ಅದೇ ಅಕ್ಷರದ ಇನ್ನೊಂದು ಚೀಟಿ ನನ್ನ ಕೊಡದ ಮೇಲೂ ಇತ್ತು. ಶುಕ್ರವಾರ ತಿಕ್ಕುವಾಗ ಅದು ನೆನೆದು ಹರಿಯಿತು. ಹೊಸದು ಬರೆದು ತರುತ್ತೇನೆಂದು ಹೋದವನು ಇನ್ನೂ ಬಂದಿಲ್ಲ, ಹೊರಗೆ ಗೋಲಿ ಆಡುತ್ತಿದ್ದಾನೆ.