ಎಂಜಿನ್ ಇಳಿಸುವ ಮುನ್ನ

ಕಲಬುರಗಿ ಜಿಲ್ಲೆಯ ಶಹಾಬಾದ್ ಪಕ್ಕದ ಭಂಕೂರಿನವರಿಗೆ ಗ್ಯಾರೇಜಿನ ಸದ್ದು ಹೊಸದಲ್ಲ. ಸುತ್ತಲೂ ಹಾಸುಗಲ್ಲಿನ ಗಣಿಗಳು, ಆಚೆಗೆ ವಾಡಿಯ ಸಿಮೆಂಟ್ ಕಾರ್ಖಾನೆ. ಕಲ್ಲು ಹೊರುವ ಲಾರಿಯೋ ಟ್ರ್ಯಾಕ್ಟರೋ ಕೆಟ್ಟು ನಿಲ್ಲದ ದಿನವಿಲ್ಲ. ಹೈಸ್ಕೂಲಿನಲ್ಲಿದ್ದಾಗ ನನ್ನ ಬೇಸಿಗೆ ರಜೆಯ ಮಧ್ಯಾಹ್ನಗಳೆಲ್ಲ ಕಳೆದದ್ದು ಆ ಕಡೆಯ ಒಂದು ತಗಡಿನ ಛಾವಣಿಯ ಗ್ಯಾರೇಜಿನಲ್ಲಿ. ನೆಲಕ್ಕೆ ಹಾಸಿದ್ದ ಶಹಾಬಾದ್ ಕಲ್ಲು ಎಣ್ಣೆ ಕುಡಿದು ಕುಡಿದು ಕಪ್ಪಗಾಗಿತ್ತು. ಅಲ್ಲಿನ ಹಿರಿಯ ಮಿಸ್ತ್ರಿಯನ್ನು ಎಲ್ಲರೂ ‘ಉಸ್ತಾದರು’ ಎಂದೇ ಕರೆಯುತ್ತಿದ್ದರು.

ಒಂದು ವರ್ಷ ಅಲ್ಲಿಗೆ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರೊಂದು ಬಂತು. ಎಂಜಿನ್ ಇಳಿಸಿ ಬೋರು ಮಾಡಿಸಬೇಕಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನಪಾಸಾಗಿ ಕೆಲಸಕ್ಕೆ ಸೇರಿದ್ದ ನನ್ನ ಓರಗೆಯ ಹುಡುಗನೊಬ್ಬ ಪಾನಾ ಹಿಡಿದು ನಿಂತಿದ್ದ. ಉಸ್ತಾದರು ಎಚ್ಚರಿಸಿದರು: “ತಮ್ಮಾ, ಬಿಚ್ಚೋದು ಯಾರಿಗರೆ ಬರ್ತದ. ನೀ ಮೊದಲ ಗುರ್ತು ಮಾಡೋದು ಕಲಿ.”

“ಎಲ್ಲಾ ನೆನಪದ ರೀ, ಉಸ್ತಾದರ” ಎಂದ ಹುಡುಗ. ಒಂದೇ ತಾಸಿನಲ್ಲಿ ವೈರು, ಪೈಪು, ಕೇಬಲ್ಲು ಎಲ್ಲವನ್ನೂ ಕಿತ್ತು ಹಾಕಿದ. ಎಂಜಿನ್ ಎರಡು ವಾರ ಬಿಟ್ಟು ಮರಳಿ ಬಂದಾಗ ಆ ‘ನೆನಪು’ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ಬಿಚ್ಚುವ ಕೆಲಸಕ್ಕೂ ಒಂದು ಶಾಸ್ತ್ರವಿದೆ ಎಂಬುದನ್ನು ನೋಡೋಣ.

ಹೆರಾಲ್ಡ್ ಮತ್ತು ಅದರ ಬಳಗ

ಹೆರಾಲ್ಡ್ ಮೂಲತಃ ಇಂಗ್ಲೆಂಡಿನ ಟ್ರಯಂಫ್ ಕಾರು. 1961ರಿಂದ ಅದನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ನಮ್ಮಲ್ಲಿ ತಯಾರಿಸತೊಡಗಿತು. ಎಂಜಿನ್ 948 ಸಿ.ಸಿ. ಸಾಮರ್ಥ್ಯದ್ದು. ಇದೇ ಹೆರಾಲ್ಡಿನ ಷಾಸಿಯನ್ನು ಗಿಡ್ಡ ಮಾಡಿ, ಮೇಲೆ ಇಬ್ಬರು ಕೂರುವ ತೆರೆದ ಬಾಡಿ ಕೂರಿಸಿ 1962ರಲ್ಲಿ ಹೊರತಂದದ್ದೇ ಪ್ರಸಿದ್ಧ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್. ಎರಡನ್ನೂ ವಿನ್ಯಾಸಗೊಳಿಸಿದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. ಎರಡರಲ್ಲೂ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗಿ, ಎಂಜಿನ್ ಪೂರ್ತಿ ಬಯಲಾಗುತ್ತದೆ. ಹೀಗಾಗಿ ಹೆರಾಲ್ಡಿನಲ್ಲಿ ಕೈ ಪಳಗಿಸಿಕೊಂಡವನಿಗೆ ಸ್ಪಿಟ್‌ಫೈರ್ ಅಪರಿಚಿತವಾಗಿ ಕಾಣದು.

ನಮ್ಮ ಕರ್ನಾಟಕದ್ದೇ ಆದ ಇನ್ನೊಂದು ಕಾರನ್ನೂ ಇಲ್ಲಿ ನೆನೆಯಬೇಕು. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಪುಟ್ಟದಾಗಿದ್ದರೂ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯ ಈ ಕಾರಿನ ಎಂಜಿನ್ 848 ಸಿ.ಸಿ.ಯದು, ಬಾಡಿ ಫೈಬರ್‌ಗ್ಲಾಸಿನದು. ಈ ಫೈಬರ್‌ಗ್ಲಾಸಿನಿಂದ ವೈರಿಂಗ್‌ನಲ್ಲಿ ಒಂದು ದೊಡ್ಡ ವ್ಯತ್ಯಾಸವಾಗುತ್ತದೆ. ಅದನ್ನೂ ನೋಡೋಣ.

ಮೊದಲು ಬ್ಯಾಟರಿ, ಅದರಲ್ಲೂ ಅರ್ತ್

ಮನೆಯ ದೀಪಕ್ಕೆ ಎರಡು ವೈರು ಬೇಕು. ಕಾರಿನ ದೀಪಕ್ಕೆ ಅನೇಕ ಕಡೆ ಒಂದೇ ವೈರು ಇರುವುದನ್ನು ನೀವು ಗಮನಿಸಿರಬಹುದು. ಮರಳಿ ಹೋಗುವ ದಾರಿಯಾಗಿ ಕಾರಿನ ಲೋಹದ ಮೈಯೇ ಒದಗುತ್ತದೆ. ಬ್ಯಾಟರಿಯ ಒಂದು ತುದಿಯನ್ನು ಆ ಮೈಗೆ ಸೇರಿಸಿರುತ್ತಾರೆ, ಅದೇ ಅರ್ತ್.

ಎಂಜಿನ್ ಕೆಲಸಕ್ಕೆ ಕೈಹಾಕುವ ಮೊದಲು ಬಿಚ್ಚಬೇಕಾದದ್ದು ಈ ಅರ್ತ್ ವೈರು. ಏಕೆ? ಅರ್ತ್ ಇನ್ನೂ ಇರುವಾಗಲೇ ಇನ್ನೊಂದು ತುದಿಗೆ ಪಾನಾ ಹಾಕಿ, ಅದು ಅಕಸ್ಮಾತ್ ಕಾರಿನ ಲೋಹಕ್ಕೆ ತಗುಲಿದರೆ ಬ್ಯಾಟರಿಯ ಎರಡೂ ತುದಿಗಳು ನೇರವಾಗಿ ಕೂಡಿದಂತಾಗುತ್ತದೆ. ಕಿಡಿ ಹಾರುತ್ತದೆ, ಪಾನಾ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಉಂಗುರವಿದ್ದರೆ ಬೆರಳೇ ಸುಡಬಹುದು. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಅನಿಲ ಹೊರಡುವುದರಿಂದ ಆ ಕಿಡಿ ಸ್ಫೋಟಕ್ಕೂ ಕಾರಣವಾದೀತು. ಅರ್ತ್ ತುದಿಯನ್ನೇ ಮೊದಲು ತೆಗೆದರೆ ಪಾನಾ ಎಲ್ಲಿ ತಗುಲಿದರೂ ಚಿಂತೆಯಿಲ್ಲ. ಮರಳಿ ಜೋಡಿಸುವಾಗ ಅದೇ ಅರ್ತ್ ಕೊನೆಯದು.

ಇಲ್ಲೊಂದು ಎಚ್ಚರ. ಇಂದಿನ ಕಾರುಗಳಲ್ಲಿ ಋಣ ತುದಿ ಅರ್ತ್ ಆಗಿರುತ್ತದೆ. ಆದರೆ 1960ರ ದಶಕದ ನಡುವಿನವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಧನ ತುದಿಯೇ ಅರ್ತ್. ಆದ್ದರಿಂದ ‘ಮೈನಸ್ ತೆಗೆ’ ಎಂದು ಬಾಯಿಪಾಠ ಮಾಡದೆ, ಯಾವ ವೈರು ಷಾಸಿಗೆ ಹೋಗಿದೆ ಎಂದು ಕಣ್ಣಿಟ್ಟು ನೋಡಬೇಕು.

ಪೆಟ್ರೋಲು, ನೀರು, ಎಣ್ಣೆ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಪೈಪುಗಳ ಸರದಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗದೆ ನೆಲದ ಮೇಲೆ ಹರಡಿ ಗ್ಯಾರೇಜಿನ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ದೂರದಲ್ಲಿ ಯಾರೋ ಹಚ್ಚಿದ ಬೀಡಿಯೂ ಅದಕ್ಕೆ ಸಾಕು. ಪೈಪು ಬಿಚ್ಚಿದ ಕೂಡಲೇ, ಟ್ಯಾಂಕಿನ ಕಡೆಯ ತುದಿಗೆ ಸರಿಯಾದ ಅಳತೆಯ ಬೋಲ್ಟನ್ನೋ ಬಿರಡೆಯನ್ನೋ ಬಿಗಿದು ಮುಚ್ಚಬೇಕು. ಬಟ್ಟೆ ತುರುಕಿದರೆ ಅದು ಪೆಟ್ರೋಲು ಹೀರಿ ಬತ್ತಿಯಾಗುತ್ತದೆ.

ರೇಡಿಯೇಟರ್ ನೀರನ್ನು ಬುಟ್ಟಿಗೆ ಇಳಿಸಿ, ಮೇಲಿನ ಹಾಗೂ ಕೆಳಗಿನ ಹೋಸ್ ಪೈಪು ತೆಗೆಯುತ್ತಾರೆ. ಅದಕ್ಕೆ ಕೂಲಂಟ್ ಬೆರೆಸಿದ್ದರೆ ಚರಂಡಿಗೆ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ರುಚಿಗೆ ಮರುಳಾಗಿ ನೆಕ್ಕಿದ ನಾಯಿ ಬೆಕ್ಕುಗಳು ಸಾಯುತ್ತವೆ.

ಹೈಡ್ರಾಲಿಕ್ ಕ್ಲಚ್ ಇದ್ದರೆ ಅನುಭವಸ್ಥರು ಅದರ ಎಣ್ಣೆ ಪೈಪನ್ನು ಬಿಚ್ಚಲು ಹೋಗುವುದಿಲ್ಲ. ಕೆಳಗಿನ ಸ್ಲೇವ್ ಸಿಲಿಂಡರನ್ನೇ ಪೈಪು ಸಮೇತ ಸಡಿಲಿಸಿ ಪಕ್ಕಕ್ಕೆ ಕಟ್ಟಿಡುತ್ತಾರೆ. ಗಾಳಿ ಸೇರುವುದಿಲ್ಲ, ಬಣ್ಣವನ್ನೇ ತಿಂದುಹಾಕುವ ಆ ಎಣ್ಣೆ ಚೆಲ್ಲುವುದೂ ಇಲ್ಲ. ಆದರೆ ಆಗ ಯಾರೂ ಕ್ಲಚ್ ಪೆಡಲ್ ತುಳಿಯಕೂಡದು. ತುಳಿದರೆ ಪಿಸ್ಟನ್ ಹೊರಕ್ಕೆ ಹಾರುತ್ತದೆ.

ಕೆಲವು ಹಳೆಯ ಸ್ಪೋರ್ಟ್ಸ್ ಕಾರುಗಳ ಶಾಖಮಾಪಕದಿಂದ ಎಂಜಿನ್ನಿನವರೆಗೆ ತೆಳುವಾದ ತಾಮ್ರದ ತಂತಿಯಂಥದ್ದೊಂದು ಬರುತ್ತದೆ. ನೋಡಲು ವೈರಿನಂತಿದ್ದರೂ ಅದು ವೈರಲ್ಲ, ಬೇಗ ಆವಿಯಾಗುವ ದ್ರವ ತುಂಬಿದ ಸಣ್ಣ ಕೊಳವೆ. ಕತ್ತರಿಸಿದರೆ ಮಾಪಕ ಸತ್ತಂತೆಯೇ. ಎಂಜಿನ್ ಕಡೆಯ ತುದಿಯನ್ನು ತಿರುಗಿಸಿ ತೆಗೆದು, ಮೆಲ್ಲಗೆ ಸುರುಳಿ ಸುತ್ತಿ ಬದಿಗಿಡಬೇಕು.

ಬಣ್ಣ ಹೇಳುವ ಮಾತು

ಈಗ ವೈರುಗಳು. ಬ್ರಿಟಿಷ್ ಕಾರುಗಳ ವೈರಿನ ಬಣ್ಣಕ್ಕೆ ಅರ್ಥವಿದೆ. ಕಂದು ಎಂದರೆ ಬ್ಯಾಟರಿಯಿಂದ ಸದಾ ವಿದ್ಯುತ್ ಇರುವ ವೈರು. ಬಿಳಿಯದು ಕೀಲಿ ತಿರುಗಿಸಿದಾಗ ಜೀವ ಪಡೆಯುವಂಥದು. ಹಸಿರು, ಅದೇ ವಿದ್ಯುತ್ ಫ್ಯೂಸ್ ದಾಟಿ ಬಂದದ್ದು. ನೀಲಿ ಹೆಡ್‌ಲೈಟಿಗೆ, ಕೆಂಪು ಸಣ್ಣ ದೀಪಗಳಿಗೆ, ಕಪ್ಪು ಅರ್ತಿಗೆ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವುದು ಕಪ್ಪು ಗೆರೆಯಿರುವ ಬಿಳಿ ವೈರು.

ಇದು ಕಾರ್ಖಾನೆಯಿಂದ ಹೊರಬಂದ ದಿನದ ಮಾತು. ಐವತ್ತು ವರ್ಷಗಳಲ್ಲಿ ಹತ್ತು ಮಿಸ್ತ್ರಿಗಳ ಕೈ ದಾಟಿದ ಕಾರಿನಲ್ಲಿ, ಅಂದು ಸಿಕ್ಕ ಬಣ್ಣದ ವೈರೇ ತೇಪೆಯಾಗಿ ಕೂತಿರುತ್ತದೆ. ಅದಕ್ಕೇ ಬಣ್ಣವನ್ನು ನಂಬಿ ಕೂರದೆ ಪ್ರತಿ ವೈರಿಗೂ ಚೀಟಿ ಕಟ್ಟಬೇಕು. ಡೈನಮೊಗೆ ಎರಡು, ಕಾಯಿಲಿಗೆ ಎರಡು, ಎಣ್ಣೆ ಒತ್ತಡದ ಸ್ವಿಚ್ಚಿಗೆ ಒಂದು, ಸೆಲ್ಫ್‌ಗೆ ದಪ್ಪನೆಯದೊಂದು. ಒಂದೇ ಸಂಖ್ಯೆಯನ್ನು ವೈರಿನ ಮೇಲೂ ಅದು ಕೂರುವ ಜಾಗದ ಮೇಲೂ ಬರೆಯಬೇಕು. ಪ್ಲಗ್ಗಿನ ನಾಲ್ಕು ವೈರುಗಳಿಗೂ ಹೀಗೆಯೇ. ಹೆರಾಲ್ಡ್ ಎಂಜಿನ್ನಿನಲ್ಲಿ ಕಿಡಿ ಹೊತ್ತುವ ಕ್ರಮ 1-3-4-2. ಎರಡು ವೈರು ಅದಲುಬದಲಾದರೂ ಎಂಜಿನ್ ಕೆಮ್ಮುತ್ತದೆಯೇ ಹೊರತು ಓಡುವುದಿಲ್ಲ.

ಉಸ್ತಾದರ ಗ್ಯಾರೇಜಿನಲ್ಲಿ ಕಲ್ಲುಹಾಸೇ ನೋಟ್‌ಬುಕ್ಕು. ಸೀಮೆಸುಣ್ಣದಲ್ಲಿ ಎಂಜಿನ್ನಿನ ಆಕಾರ ಬರೆದು, ತೆಗೆದ ಬೋಲ್ಟನ್ನು ಅದರದರ ಜಾಗದಲ್ಲೇ ಇಡುತ್ತಿದ್ದರು. ಇಂದು ಪ್ರತಿ ಕೈಯಲ್ಲೂ ಕ್ಯಾಮೆರಾ ಇರುವ ಫೋನಿದೆ. ಬಿಚ್ಚುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಆದರೆ ಒಂದರ ಹಿಂದೆ ಅಡಗಿದ ಇನ್ನೊಂದು ವೈರು ಫೋಟೊದಲ್ಲಿ ಕಾಣದು. ಆದ್ದರಿಂದ ಚೀಟಿಯೂ ಬೇಕು.

ಡಾಲ್ಫಿನ್ ವಿಷಯ ಇನ್ನೂ ಸೂಕ್ಷ್ಮ. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ ಹರಿಯದು. ಹಾಗಾಗಿ ಆ ಬಾಡಿಗೆ ಕೂಡಿಸಿದ ದೀಪ, ಹಾರ್ನುಗಳಿಗೆ ಮರಳುವ ದಾರಿಯನ್ನೂ ವೈರಿನಲ್ಲೇ ಕೊಡಬೇಕು. ಅಲ್ಲಿ ‘ಇದು ಬರೀ ಅರ್ತ್ ವೈರು’ ಎಂದು ಒಂದನ್ನು ಕಡೆಗಣಿಸಿದರೂ ಒಂದು ದೀಪ ಉರಿಯದು.

ಕೊನೆಗೆ ಚೋಕ್ ಮತ್ತು ಆಕ್ಸಿಲರೇಟರ್ ಸಂಪರ್ಕ, ಸೈಲೆನ್ಸರ್ ಪೈಪು ತಪ್ಪಿಸಿ, ಎಂಜಿನ್ನಿನ ಭಾರವನ್ನು ಚೈನ್ ಪುಲ್ಲಿಗೆ ಕೊಟ್ಟ ಮೇಲೆಯೇ ಮೌಂಟಿಂಗ್ ಬೋಲ್ಟುಗಳನ್ನು ಸಡಿಲಿಸುತ್ತಾರೆ. ಎರಡು ಬೆರಳಷ್ಟು ಎತ್ತಿ, ನಿಲ್ಲಿಸಿ, ಸುತ್ತ ಕೈಯಾಡಿಸಿ ನೋಡುತ್ತಾರೆ. ಎಲ್ಲೋ ಒಂದು ವೈರು ಇನ್ನೂ ಹಿಡಿದುಕೊಂಡಿರುವುದು ಗೊತ್ತಾಗುವುದು ಆಗಲೇ.

ಮರೆತ ಪಟ್ಟಿ

ಈಗ ಆ ಹುಡುಗನ ಕಥೆಗೆ ಬರೋಣ. ಎರಡು ವಾರದ ನಂತರ ಎಂಜಿನ್ ಕೂತಿತು. ತಡಕಾಡಿ ವೈರುಗಳನ್ನೆಲ್ಲ ಹೇಗೋ ಜೋಡಿಸಿದ್ದಾಯಿತು. ಚೋಕ್ ಎಳೆದು ಸೆಲ್ಫ್ ಹೊಡೆದಾಗ ಎಂಜಿನ್ ತಿರುಗಲಿಲ್ಲ. ‘ಟಕ್’ ಎಂದು ಸುಮ್ಮನಾಯಿತು. ಇನ್ನೊಮ್ಮೆ ಹೊಡೆದ. ಚೋಕ್ ಕೇಬಲ್ಲಿನಿಂದ ಹೊಗೆ ಎದ್ದಿತು. ಕಾರ್ಬ್ಯುರೇಟರ್ ಪಕ್ಕದಲ್ಲೇ ಕೇಬಲ್ ಕಾದು ಕೆಂಪಾಗುತ್ತಿತ್ತು. ಉಸ್ತಾದರು ಓಡಿಬಂದು ಬ್ಯಾಟರಿಯ ಅರ್ತ್ ಕಿತ್ತರು. ಇನ್ನು ನಾಲ್ಕು ಕ್ಷಣ ತಡವಾಗಿದ್ದರೆ ಕಾರಿನ ಜೊತೆ ಹುಡುಗನೂ ಸುಡುತ್ತಿದ್ದ.

ಕಾರಣ ಸರಳ. ಎಂಜಿನ್ ಕೂರುವುದು ರಬ್ಬರ್ ಮೌಂಟಿಂಗಿನ ಮೇಲೆ. ರಬ್ಬರಿನಲ್ಲಿ ವಿದ್ಯುತ್ ಹರಿಯದ ಕಾರಣ, ಎಂಜಿನ್ನಿನಿಂದ ಷಾಸಿಗೆ ತಾಮ್ರದ ಎಳೆಗಳನ್ನು ಹೆಣೆದ ಒಂದು ಪಟ್ಟಿ ಹಾಕಿರುತ್ತಾರೆ. 60 ವಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 5 ಆಂಪಿಯರ್; ಸೆಲ್ಫ್ ಎಳೆಯುವುದಾದರೋ ನೂರಕ್ಕೂ ಹೆಚ್ಚು. ಪಟ್ಟಿ ಇಲ್ಲದಾಗ ಅಷ್ಟೂ ಪ್ರವಾಹ ಮರಳಿ ಹೋಗಲು ಸಿಕ್ಕ ಲೋಹದ ದಾರಿ ಹಿಡಿಯುತ್ತದೆ. ಅಂದು ಸಿಕ್ಕದ್ದು ಬಡಪಾಯಿ ಚೋಕ್ ಕೇಬಲ್. ತೆಗೆದಿಟ್ಟ ಪಟ್ಟಿ ಸೀಮೆಎಣ್ಣೆಯ ತಟ್ಟೆಯಲ್ಲಿ ಬಿದ್ದಿತ್ತು.

ವಿಷಯ ತಿಳಿದು ಬಂದ ಹುಡುಗನ ತಂದೆ, “ಓದೂ ತಲಿಗಿ ಹತ್ತಲಿಲ್ಲ, ಇದೂ ಹತ್ತಲಿಲ್ಲ. ಮನಿಗಿ ಕರ್ಕೊಂಡ್ ಹೋಗ್ತೀನ್ರಿ” ಎಂದರು. ಉಸ್ತಾದರು ಒಪ್ಪಲಿಲ್ಲ. “ಇವತ್ತು ಕಲ್ತಾನ್ರಿ. ಕಲ್ತ ದಿನಾನೇ ಬಿಡಿಸ್ತೀರೇನು?” ಎಂದರು. ಮರುದಿನ ಇಡೀ ದಿನ ಹುಡುಗ ಪ್ರತಿ ವೈರನ್ನೂ ಮತ್ತೆ ಬಿಚ್ಚಿ, ಚೀಟಿ ಕಟ್ಟಿ, ಕಾಗದದಲ್ಲಿ ಚಿತ್ರ ಬರೆದು, ಮತ್ತೆ ಜೋಡಿಸಿದ. ಸಂಜೆ ಕಾರು ಒಂದೇ ಸೆಲ್ಫಿಗೆ ಎದ್ದಿತು.

ಹೆತ್ತವರಿಗೆ ಒಂದು ಮಾತು. ಎಸ್ಸೆಸ್ಸೆಲ್ಸಿ ಆದ ಮೇಲೆ ಐ.ಟಿ.ಐ.ಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಆಟೊಮೊಬೈಲ್ ಡಿಪ್ಲೊಮಾ ಇದೆ. ಇನ್ನು ಬರುವುದೆಲ್ಲ ಎಲೆಕ್ಟ್ರಿಕ್ ಕಾರು, ಈ ಹಳೆಯ ವಿದ್ಯೆ ಯಾಕೆ ಎನ್ನಬೇಡಿ. ಅವುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಅಲ್ಲಿಯೂ ಮೊದಲ ಪಾಠ ಇದೇ: ಮೊದಲು ವಿದ್ಯುತ್ ಸಂಪರ್ಕ ತಪ್ಪಿಸು, ಉಳಿದ ವಿದ್ಯುತ್ ಇಳಿಯಲು ಕಾಯು, ಅಳೆದು ನೋಡು, ಆಮೇಲೆ ಮುಟ್ಟು. ಹೆರಾಲ್ಡಿನಲ್ಲಿ ಕ್ರಮ ತಪ್ಪಿದರೆ ಕೇಬಲ್ ಸುಡುತ್ತದೆ. ಅಲ್ಲಿ ತಪ್ಪಿದರೆ ಜೀವ ಹೋಗುತ್ತದೆ.

ಆ ಹುಡುಗ ಮುಂದೆ ಸ್ವಂತ ಗ್ಯಾರೇಜು ಹಾಕಿದ. ಅಲ್ಲಿ ಗೋಡೆಯ ಮೊಳೆಗೆ ಸವೆದ ತಾಮ್ರದ ಪಟ್ಟಿಯೊಂದು ನೇತಾಡುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ಅದೇನೆಂದು ಕೇಳುತ್ತಾರೆ. ಅವನು ಉತ್ತರ ಹೇಳುವ ಮೊದಲು ಅವರ ಕೈಗೆ ಒಂದು ಸೀಮೆಸುಣ್ಣ ಕೊಡುತ್ತಾನೆ.