ಹಿಪ್ಪಿ ಕಟಿಂಗ್ ಬಂತು, ಹಿಪ್ಪಿಯ ಸಿಟ್ಟು ಬರಲಿಲ್ಲ

ಎಪ್ಪತ್ತರ ದಶಕದಲ್ಲಿ ನ್ಯಾಮತಿಯಂಥ ಪೇಟೆಯಲ್ಲಿ ಕೂದಲು ಬೆಳೆಸಿಕೊಂಡ ಹುಡುಗನನ್ನು ಬೈಯಲು ಹಿರಿಯರಿಗೆ 'ಹಿಪ್ಪಿ' ಅನ್ನುವ ಒಂದು ಮಾತು ಸಾಕಿತ್ತು. ಕ್ಷೌರದಂಗಡಿಯಲ್ಲಿ 'ಹಿಪ್ಪಿ ಕಟಿಂಗ್' ಅಂದರೆ ಕತ್ತರಿ ಕಿವಿಯ ಹತ್ತಿರ ಸುಳಿಯಬಾರದು, ಹಿಂದಿನ ಕೂದಲು ಕಾಲರ್ ಮುಟ್ಟಬೇಕು. ಜೊತೆಗೆ ರಸ್ತೆ ಗುಡಿಸುವ ಬೆಲ್‌ಬಾಟಂ. ದೇವಾನಂದರ 'ಹರೇ ರಾಮ ಹರೇ ಕೃಷ್ಣ' 1971ರಲ್ಲಿ ತೆರೆಕಂಡ ಮೇಲಂತೂ ಹಿಪ್ಪಿ ಎಂದರೆ ಗಾಂಜಾ, ಗಿಟಾರು, ಸ್ನಾನ ಮಾಡದ ಮೈ ಎಂಬ ಚಿತ್ರ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಉಂಡುಟ್ಟು ಸುಖವಾಗಿದ್ದ ದೇಶದ ಮಕ್ಕಳು ಮನೆ ಬಿಟ್ಟು ಬಂದದ್ದೇಕೆ ಎಂದು ಕೇಳಿದವರು ಕಡಿಮೆ.

ಸುಖವೇ ಮೊದಲ ಕಾರಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಿತು. ಬಡತನವನ್ನೂ ಯುದ್ಧವನ್ನೂ ಕಂಡಿದ್ದ ಅಪ್ಪಂದಿರಿಗೆ ಸ್ವಂತ ಮನೆ, ಕಾರು, ಖಾಯಂ ನೌಕರಿ ಸಿಕ್ಕಿದ್ದೇ ಸ್ವರ್ಗ. ಮಕ್ಕಳಿಗೆ ಅದು ಪಂಜರದಂತೆ ಕಂಡಿತು. ಆದರೆ ಬೇಸರವೊಂದರಿಂದಲೇ ಬಂಡಾಯ ಹುಟ್ಟುವುದಿಲ್ಲ. ಕಪ್ಪು ಜನರ ಹಕ್ಕಿನ ಹೋರಾಟಕ್ಕೆಂದು 1964ರ ಬೇಸಿಗೆಯಲ್ಲಿ ಮಿಸಿಸಿಪ್ಪಿಗೆ ಹೋಗಿ ಬಂದ ವಿದ್ಯಾರ್ಥಿಗಳು ಬರ್ಕ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ರಾಜಕೀಯ ಮಾತಾಡಲು ಹೊರಟಾಗ ಆಡಳಿತ ತಡೆಯಿತು. ಪಾಠದಲ್ಲಿರುವ ಪ್ರಜಾಪ್ರಭುತ್ವವೇ ಬೇರೆ, ಬೀದಿಯಲ್ಲಿರುವುದೇ ಬೇರೆ ಎಂಬುದು ಅವರಿಗೆ ಅಲ್ಲಿ ತಿಳಿಯಿತು.

ಉರಿಗೆ ತುಪ್ಪ ಸುರಿದದ್ದು ವಿಯೆಟ್ನಾಂ. 1968ರ ಹೊತ್ತಿಗೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಅವರಲ್ಲಿ ಅನೇಕರು ಕಡ್ಡಾಯ ಭರ್ತಿಯಲ್ಲಿ ಹೋದವರು. 1969ರ ಡಿಸೆಂಬರ್ 1ರ ರಾತ್ರಿ ನಡೆದದ್ದನ್ನು ನೋಡಿ: ವರ್ಷದ 366 ತಾರೀಖುಗಳನ್ನು ಚೀಟಿಯಲ್ಲಿ ಬರೆದು, ನೀಲಿ ಪ್ಲಾಸ್ಟಿಕ್ ಗುಳಿಗೆಗಳಲ್ಲಿ ತುಂಬಿ, ಗಾಜಿನ ಜಾಡಿಗೆ ಸುರಿದು, ಟೀವಿ ಕ್ಯಾಮೆರಾದೆದುರು ಒಂದೊಂದೇ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. ಆ ದಿನ ಹುಟ್ಟಿದವರಿಗೆ ಮೊದಲ ಕರೆ. ಲಾಟರಿಯಲ್ಲಿ ಹಣ ಬರುವುದು ಗೊತ್ತಿದ್ದ ನಮಗೆ ಸಾವು ಬರುವ ಲಾಟರಿ ಊಹೆಗೂ ನಿಲುಕದು. ಸೈನ್ಯಕ್ಕೆ ಸೇರಿದವನ ತಲೆ ಮೊದಲ ದಿನವೇ ಬೋಳಾಗುತ್ತಿತ್ತು. ಆ ದೇಶದಲ್ಲಿ ಉದ್ದ ಕೂದಲು ಬಿಡುವುದಕ್ಕೆ 'ನಾನು ಬರುವುದಿಲ್ಲ' ಎಂಬ ಅರ್ಥವೂ ಇತ್ತು. ನಮ್ಮ ಕ್ಷೌರದಂಗಡಿಗೆ ಆ ಅರ್ಥ ಬರಲಿಲ್ಲ.

ಬರಲು ಸಾಧ್ಯವೂ ಇರಲಿಲ್ಲ. ಬರಗಾಲದ 1966ರಲ್ಲಿ ಭಾರತ ಸುಮಾರು 1 ಕೋಟಿ ಟನ್ ಆಹಾರಧಾನ್ಯ ತರಿಸಿಕೊಂಡಿತು, ಬಹುಪಾಲು ಅಮೆರಿಕದ್ದೇ. ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಇಂದಿರಾ ಗಾಂಧಿ ಟೀಕಿಸಿದ್ದಕ್ಕೆ ಅಧ್ಯಕ್ಷ ಜಾನ್ಸನ್ ಮುನಿಸಿಕೊಂಡಿದ್ದರು; ಗೋಧಿ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಅಳೆದೂ ಸುರಿದೂ ಬಿಟ್ಟರು. ಅಮೆರಿಕದ ಗೋಧಿಯ ಜೊತೆಗೇ ಬಂತೆಂದು ನಮ್ಮ ರೈತರು ಇವತ್ತಿಗೂ ಶಪಿಸುವ ಕಾಂಗ್ರೆಸ್ ಗಿಡ ಹೊಲದ ಬದುಗಳಲ್ಲಿ ಈಗಲೂ ಇದೆ. ತುಂಬಿದ ಕಣಜಕ್ಕೆ ಬೆನ್ನು ಹಾಕಿ ಹೋಗುವುದು ಕಣಜ ಇದ್ದವರಿಗೆ ಮಾತ್ರ ಸಾಧ್ಯ.

ಹಾಗೆಂದು ಇಲ್ಲಿಯ ಹುಡುಗರು ಸುಮ್ಮನಿದ್ದರೆ? ನ್ಯಾಮತಿ ಆಗ ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಈಗ ಅದು ಸೇರಿರುವ ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಆ ಹಳೆಯ ಶಿವಮೊಗ್ಗ ಜಿಲ್ಲೆಯ ಸಿಟ್ಟಿಗೆ ಕಾರಣ ಗಾಜಿನ ಜಾಡಿಯಲ್ಲ, ಕೊಳಗ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವಾಗ ಒಡೆಯರು ದೊಡ್ಡ ಕೊಳಗ ಬಳಸುತ್ತಾರೆಂದು ಗೇಣಿದಾರರು 1951ರಲ್ಲಿ ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ಸಮಾಜವಾದಿಗಳ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಅದೇ ಗರಡಿಯವರು. 1967ರಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೂ ಮುಡಿದ ಹಿಪ್ಪಿ ಹುಡುಗರು ನೆರೆದ ವರ್ಷವೇ, ಪಟೇಲರು ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತಾಡಿದರು. ಅದೂ ಒಂದು ಬಂಡಾಯವೇ, ಕೂದಲು ಬಿಡದೆ ಮಾಡಿದ್ದು.

ಹಿಪ್ಪಿಗಳಿಗೆ ಹತ್ತಿರದವರನ್ನು ಹುಡುಕಿದರೆ ನನಗೆ ಸಿಗುವುದು ಲೇಖಕ ಪೂರ್ಣಚಂದ್ರ ತೇಜಸ್ವಿ. ಎಂ.ಎ. ಮುಗಿಸಿ, ನೌಕರಿಯ ಗೊಡವೆ ಬೇಡವೆಂದು ಮೂಡಿಗೆರೆಯ ಕಾಡಿನ ಮಗ್ಗುಲಿಗೆ ಕೃಷಿಗೆ ಹೋದವರು. 1966ರಲ್ಲಿ ಪುರೋಹಿತರಿಲ್ಲದೆ ಮಂತ್ರಮಾಂಗಲ್ಯದಲ್ಲಿ ಮದುವೆಯಾದವರು. ಆದರೆ ಅವರು ಲೋಕ ಬಿಟ್ಟು ಹೋಗಲಿಲ್ಲ, ಜಾತಿ ಬಿಟ್ಟು ಹೋದರು.

1973ರಲ್ಲಿ ಕಡ್ಡಾಯ ಭರ್ತಿ ನಿಂತಿತು; ಹಿಪ್ಪಿಗಳ ಅಬ್ಬರವೂ ಆ ಹೊತ್ತಿಗೆ ಇಳಿದಿತ್ತು. 1979ರಲ್ಲಿ ಇರಾನ್ ಕ್ರಾಂತಿ, ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಆದ ಮೇಲೆ ಇಸ್ತಾಂಬುಲಿನಿಂದ ಬಸ್ಸು ಹತ್ತಿ ಭಾರತಕ್ಕೆ ಬರುವ ದಾರಿಯೂ ಮುಚ್ಚಿತು. ಹಿಪ್ಪಿಗಳು ಮನೆಯೊಳಗಿನ ಪ್ರಶ್ನೆ ಎತ್ತಿದರು: ಹೆಣ್ಣು ಗಂಡಿನ ಸಂಬಂಧ, ಅಪ್ಪನ ಅಧಿಕಾರ, ದುಡಿಮೆಯ ಅರ್ಥ. ನಮ್ಮ ಸಮಾಜವಾದಿಗಳು ಗದ್ದೆಯ ಪ್ರಶ್ನೆ ಎತ್ತಿದರು, ಅಡುಗೆಮನೆಯ ಬಾಗಿಲಿಗೆ ಬಂದಾಗ ಅಷ್ಟು ಧೈರ್ಯ ತೋರಲಿಲ್ಲ. ಆದರೆ ಹೆಚ್ಚು ಬಾಳಿದ ಫಲ ನಮ್ಮವರದೇ. ಉಳುವವನಿಗೆ ಭೂಮಿ ಕೊಟ್ಟ ಕಾಯ್ದೆ ಕರ್ನಾಟಕದಲ್ಲಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅದನ್ನು ನೋಡಲು ಗೋಪಾಲಗೌಡರು ಇರಲಿಲ್ಲ. 1972ರ ಜೂನ್ 9ರಂದೇ, 49ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.