ಮರಳುನಾಡಿನ ನಲ್ಲಿ ನೀರು: ನಂಬಿದ್ದೊಂದು, ಇರುವುದೊಂದು

ಬಿಕಾನೇರಿನ ಅಡುಗೆಮನೆಯ ನಲ್ಲಿಯಲ್ಲಿ ಬರುವುದು ಹಿಮಾಲಯದ ನೀರು. ಜೋಧಪುರ, ಜೈಸಲ್ಮೇರ್, ಶ್ರೀಗಂಗಾನಗರ, ಹನುಮಾನಗಢದಲ್ಲೂ ಬಹುಪಾಲು ಅದೇ. ರಾಜಸ್ಥಾನ ಎಂದಾಕ್ಷಣ ನಮ್ಮ ಕಣ್ಣಿಗೆ ಕಟ್ಟುವುದು ಪಾತಾಳ ಕಂಡ ಬಾವಿ, ತಲೆಯ ಮೇಲೆ ಕೊಡ ಹೊತ್ತು ಸಾಲಾಗಿ ನಡೆಯುವ ಹೆಂಗಸರು, ಬಾಯಿಗಿಟ್ಟರೆ ಸವುಳು ನೀರು. ಹಳ್ಳಿಗಾಡಿನ ಮಟ್ಟಿಗೆ ಅದು ಇವತ್ತಿಗೂ ಪೂರ್ತಿ ಸುಳ್ಳಲ್ಲ. ಪಟ್ಟಣಗಳ ಸಂಗತಿ ಮಾತ್ರ ಬೇರೆ. ದೇಶದ ನೆಲದಲ್ಲಿ ಹತ್ತನೇ ಒಂದು ಭಾಗ ಈ ರಾಜ್ಯದ್ದು, ಮೇಲ್ಮೈ ನೀರಿನಲ್ಲಿ ಅದರ ಪಾಲು ಸುಮಾರು ಶೇ 1. ಹಾಗಾಗಿ ಊರುಗಳು ನೂರಾರು ಕಿಲೋಮೀಟರ್ ದೂರದಿಂದ ನೀರು ತರಿಸಿಕೊಂಡು ಬದುಕುತ್ತಿವೆ. ಕೊಳೆಯೂ ಸ್ವಲ್ಪ ದೂರದಿಂದಲೇ ಬರುತ್ತದೆ, ಇನ್ನು ಸ್ವಲ್ಪ ಮನೆಯ ಮುಂದೆ ಸೇರುತ್ತದೆ. ಜನ ಬಾವಿ ನೀರಿನ ಮದ್ದನ್ನು ಕಾಲುವೆ ನೀರಿಗೆ ಹಾಕುತ್ತಾರೆ, ಕಾಲುವೆ ನೀರಿನ ಮದ್ದನ್ನು ಬಾವಿ ನೀರಿಗೆ. ಎಡವಟ್ಟಾಗುವುದು ಅಲ್ಲೇ.

"ಹಿಮದ ನೀರು, ಅದಕ್ಕೇನಾಗುತ್ತದೆ?"

ಇಂದಿರಾ ಗಾಂಧಿ ಕಾಲುವೆ ಹೊರಡುವುದು ಪಂಜಾಬಿನ ಹರಿಕೆ ಬ್ಯಾರೇಜಿನಿಂದ. ಬಿಯಾಸ್ ಮತ್ತು ಸಟ್ಲೆಜ್ ನದಿಗಳು ಕೂಡುವ ಜಾಗ ಅದು. 1958ರಲ್ಲಿ ಕೆಲಸ ಶುರುವಾದ ಈ ಕಾಲುವೆಯ ಮುಖ್ಯ ಹರಿವಿನ ಉದ್ದವೇ 649 ಕಿಲೋಮೀಟರ್. ಬಿಯಾಸ್ ಸಾಕಷ್ಟು ತಿಳಿಯಾಗಿ ಬರುತ್ತದೆ. ಸಟ್ಲೆಜ್ ಲೂಧಿಯಾನವನ್ನು ದಾಟಿ ಬರಬೇಕು. ಅಲ್ಲಿನ ಬಟ್ಟೆಗೆ ಬಣ್ಣ ಹಾಕುವ ಘಟಕಗಳು, ಲೋಹಕ್ಕೆ ಲೇಪ ಕೊಡುವ ಕಾರ್ಖಾನೆಗಳು, ಹೈನುಗಾರಿಕೆಯ ಸಗಣಿ, ಊರಿನ ಚರಂಡಿ ಎಲ್ಲವನ್ನೂ ಹೊತ್ತ ಬುಡ್ಢಾ ನಾಲಾ ಹರಿಕೆಗಿಂತ ಮೇಲೆಯೇ ಸಟ್ಲೆಜ್‌ಗೆ ಸೇರುತ್ತದೆ.

ಬಿಯಾಸ್ ಕೂಡ ಪೂರ್ತಿ ಸುರಕ್ಷಿತವೇನಲ್ಲ. 2018ರ ಮೇ ತಿಂಗಳಲ್ಲಿ ಗುರುದಾಸಪುರ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಕಾಕಂಬಿ ಸೋರಿ ಬಿಯಾಸ್‌ಗೆ ಹರಿಯಿತು. ನೀರು ಕಂದು ಬಣ್ಣಕ್ಕೆ ತಿರುಗಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಆತಂಕ ನೂರಾರು ಕಿಲೋಮೀಟರ್ ಕೆಳಗಿನ ರಾಜಸ್ಥಾನದ ಊರುಗಳಲ್ಲಿ ಹುಟ್ಟಿತು, ಏಕೆಂದರೆ ಕುಡಿಯಬೇಕಾದವರು ಅವರು. ಪ್ರತಿವರ್ಷ ಬೇಸಿಗೆಯ ಆಸುಪಾಸಿನಲ್ಲಿ ದುರಸ್ತಿಗೆಂದು ಕಾಲುವೆ ಮುಚ್ಚುತ್ತಾರೆ. ಸ್ಥಳೀಯರು ಇದನ್ನು ನಹರ್‌ಬಂದಿ ಎನ್ನುತ್ತಾರೆ. ನೀರು ಮತ್ತೆ ಬಿಟ್ಟಾಗ ತಳದಲ್ಲಿ ನಿಂತ ಕೊಳೆಯೆಲ್ಲ ಕೊಚ್ಚಿಕೊಂಡು ಮೊದಲಿಗೆ ಕಪ್ಪು ನೀರು ಬರುತ್ತದೆ.

ಊರಿನ ಶುದ್ಧೀಕರಣ ಘಟಕ ಇದನ್ನೆಲ್ಲ ನೋಡಿಕೊಳ್ಳುವುದಿಲ್ಲವೇ? ಅರ್ಧ ನೋಡಿಕೊಳ್ಳುತ್ತದೆ. ಆಲಂ ಹಾಕಿ ಮಣ್ಣು ಕೆಳಗಿಳಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಹಾಕುವುದು ಅದರ ಕೆಲಸ. ಕೆಸರಿಗೂ ರೋಗಾಣುವಿಗೂ ಇಷ್ಟು ಸಾಕು. ನೀರಿನಲ್ಲಿ ಕರಗಿ ಹೋದ ಲೋಹ, ಬಣ್ಣದ ರಾಸಾಯನಿಕಗಳಿಗೆಂದು ಆ ಘಟಕ ಕಟ್ಟಿದ್ದಲ್ಲ. ಅದನ್ನು ಲೂಧಿಯಾನದಲ್ಲೇ ತಡೆಯಬೇಕು, ಬಿಕಾನೇರಿನಲ್ಲಿ ಆಗುವ ಕೆಲಸವಲ್ಲ.

"ಘಟಕದಲ್ಲಿ ಶುದ್ಧವಾದ ಮೇಲೆ ನಲ್ಲಿಯಲ್ಲೂ ಶುದ್ಧವೇ"

ಈ ಒಂದು ನಂಬಿಕೆಯಿಂದ ಆಗುವಷ್ಟು ವಾಂತಿಭೇದಿ ಬಹುಶಃ ಉಳಿದ ಎಲ್ಲ ನಂಬಿಕೆಗಳಿಂದಲೂ ಆಗುವುದಿಲ್ಲ. ಅಧಿಕಾರಿಗಳು ತೋರಿಸುವ ವರದಿ ಸಾಮಾನ್ಯವಾಗಿ ಘಟಕದ ಬಾಗಿಲಲ್ಲಿ ತೆಗೆದ ನೀರಿನದು, ಅದು ಸುಳ್ಳಿರಬೇಕಾಗಿಯೂ ಇಲ್ಲ. ಜನ ಕುಡಿಯುವುದು ಗಲ್ಲಿಯ ಕೊನೆಯ ನಲ್ಲಿಯದು. ಎರಡರ ನಡುವೆ ಮೈಲುಗಟ್ಟಲೆ ಪೈಪು ಇದೆ.

ಜೈಪುರವನ್ನೇ ನೋಡಿ. ಊರಿಗೆ ಹಿಂದೆ ನೀರು ಕೊಟ್ಟಿದ್ದು ರಾಮಗಢ ಕೆರೆ. 1982ರ ಏಷ್ಯನ್ ಕ್ರೀಡಾಕೂಟದ ದೋಣಿ ಸ್ಪರ್ಧೆ ನಡೆದದ್ದು ಅದೇ ಕೆರೆಯಲ್ಲಿ. ಆಮೇಲೆ ಅದು ಒಣಗಿತು, ಊರು ಕೊಳವೆಬಾವಿಗಳ ಮೇಲೆ ನಿಂತಿತು. ಬನಾಸ್ ನದಿಗೆ ಟೋಂಕ್ ಜಿಲ್ಲೆಯಲ್ಲಿ ಕಟ್ಟಿದ ಬೀಸಲ್‌ಪುರ ಅಣೆಕಟ್ಟೆಯ ನೀರು ಬಂದ ಮೇಲೆ ಉಸಿರಾಡುವಂತಾಯಿತು. ಆದರೂ ಹೆಚ್ಚಿನ ಬಡಾವಣೆಗಳಿಗೆ ನೀರು ಬಿಡುವುದು ದಿನಕ್ಕೆ ಒಂದೋ ಒಂದೂವರೆಯೋ ಗಂಟೆ. ಉಳಿದ ಹೊತ್ತೆಲ್ಲ ಪೈಪು ಖಾಲಿ.

ಖಾಲಿ ಪೈಪಿನಲ್ಲಿ ಏನಾಗುತ್ತದೆ ಎನ್ನುವುದೇ ಇಡೀ ವಿಷಯದ ತಿರುಳು. ನೀರು ತುಂಬಿ ಒತ್ತಡದಿಂದ ಹರಿಯುವಾಗ ತೂತಿದ್ದರೂ ನೀರು ಹೊರಗೆ ಚಿಮ್ಮುತ್ತದೆ, ಕೊಳೆ ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದೊಡನೆ ಒಳಗೆ ನಿರ್ವಾತ ಉಂಟಾಗಿ ಅದೇ ತೂತು ಹೊರಗಿನದನ್ನು ಹೀರುತ್ತದೆ. ಪರಕೋಟಾ ಎಂದು ಕರೆಯುವ ಜೈಪುರದ ಹಳೆಯ ಕೋಟೆಪೇಟೆಯಲ್ಲಿ ಇಕ್ಕಟ್ಟಾದ ಗಲ್ಲಿಯೊಳಗೆ ಕುಡಿಯುವ ನೀರಿನ ತುಕ್ಕು ಹಿಡಿದ ಪೈಪೂ ಒಳಚರಂಡಿಯೂ ಮೈಗೆ ಮೈ ತಾಗಿಸಿಕೊಂಡು ಹೋಗುತ್ತವೆ. ಸಾಲದ್ದಕ್ಕೆ ನೀರು ಬಿಡುವ ಹೊತ್ತಿಗೆ ಮನೆಮನೆಯವರೂ ಸರ್ಕಾರಿ ಪೈಪಿಗೇ ಮೋಟಾರ್ ಹಾಕಿ ಎಳೆಯುತ್ತಾರೆ. ಇದು ಕಾನೂನುಬಾಹಿರ, ಬೇಸಿಗೆ ಬಂದರೆ ನೀರು ಪೂರೈಸುವ ಜಲದಾಯ ವಿಭಾಗದವರು ಬಂದು ಮೋಟಾರ್ ಜಪ್ತಿ ಮಾಡುತ್ತಾರೆ, ಮತ್ತೆ ಹೊಸ ಮೋಟಾರ್ ಬರುತ್ತದೆ. ಮೋಟಾರ್ ಹಾಕಿದವನು ಪಕ್ಕದ ಮನೆಯ ನೀರನ್ನಷ್ಟೇ ಎಳೆಯುವುದಿಲ್ಲ, ಪೈಪಿನ ಸೀಳಿನಾಚೆ ನಿಂತ ಚರಂಡಿಯನ್ನೂ ಎಳೆಯುತ್ತಾನೆ, ಅದು ಮೊದಲು ಬರುವುದು ಅವನ ಮನೆಗೇ.

"ಮರಳುನಾಡಲ್ಲವೇ, ನೆಲವೇ ಒಣಗಿದೆ, ಪೈಪಿಗೆ ಇಳಿಯಲು ಕೊಳಚೆ ಎಲ್ಲಿಂದ?" ಎಂದು ಕೇಳುವವರು ಜೋಧಪುರಕ್ಕೆ ಹೋಗಬೇಕು. 1990ರ ದಶಕದ ಕೊನೆಗೆ ಕಾಲುವೆಯ ನೀರು ಆ ಊರಿನ ಕಾಯ್ಲಾನಾ ಕೆರೆಗೆ ಬಂತು. ಊರವರು ಬಾವಿ ಸೇದುವುದನ್ನು ಬಿಟ್ಟರು. ಪೈಪುಗಳಿಂದ, ಚರಂಡಿಗಳಿಂದ ಸೋರಿದ ನೀರೆಲ್ಲ ನೆಲದಡಿ ಸೇರಿಕೊಂಡು ಅಂತರ್ಜಲ ಮೇಲೇರಿತು. ಹಳೆ ಪೇಟೆಯ ಅಂಗಡಿಗಳ ನೆಲಮಾಳಿಗೆಗಳಲ್ಲಿ ನೀರು ನಿಂತು, ಪಂಪು ಹಚ್ಚಿ ಹೊರಹಾಕುವ ಸ್ಥಿತಿ ಬಂತು. ಥಾರ್‌ನ ಹೆಬ್ಬಾಗಿಲು ಎನಿಸಿಕೊಂಡ ಊರಿನಲ್ಲಿ! ಪೈಪುಗಳು ಹೂತಿರುವುದು ಅಂಥ ಒದ್ದೆ ನೆಲದಲ್ಲಿಯೇ.

"ಟಿಡಿಎಸ್ ಕಡಿಮೆ ಇದ್ದರೆ ನೀರು ಒಳ್ಳೆಯದು"

ನೀರು ಶುದ್ಧೀಕರಿಸುವ ಯಂತ್ರ ಮಾರುವವನು ಮನೆಗೆ ಬಂದರೆ ಆಟ ನೋಡಬೇಕು. ಎರಡು ಗಾಜಿನ ಲೋಟ ಕೇಳುತ್ತಾನೆ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದ ಆರ್‌ಒ ನೀರು. ನಾಲ್ಕು ಲೋಹದ ಕಡ್ಡಿಗಳ ಸಾಧನವೊಂದನ್ನು ಎರಡರಲ್ಲೂ ಅದ್ದಿ ಪ್ಲಗ್ಗಿಗೆ ಹಾಕುತ್ತಾನೆ. ಅರೆ ನಿಮಿಷದಲ್ಲಿ ನಿಮ್ಮ ನೀರು ಹಳದಿಯಾಗಿ, ಕಂದಾಗಿ, ಕೊನೆಗೆ ಕಪ್ಪು-ಹಸಿರು ಗಸಿಯಾಗುತ್ತದೆ. ಅವನ ನೀರು ಹಾಗೇ ಇರುತ್ತದೆ. "ನೋಡಿ ಭಾಭೀಜಿ, ದಿನಾ ಮಕ್ಕಳಿಗೆ ಇದನ್ನೇ ಕುಡಿಸುತ್ತಿದ್ದೀರಿ."

ಆ ಗಸಿ ನೀರಿನಿಂದ ಬಂದದ್ದಲ್ಲ, ಅವನ ಕಬ್ಬಿಣದ ಕಡ್ಡಿಯಿಂದ ಬಂದದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಡ್ಡಿ ಸವೆದು ತುಕ್ಕಾಗಿ ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ, ಕಡ್ಡಿ ಸವೆಯುವುದಿಲ್ಲ. ಅವನ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಇನ್ನೊಮ್ಮೆ ಮಾಡು ಎನ್ನಿ. ಅದೂ ಕಪ್ಪಾಗುತ್ತದೆ.

ಪೆನ್ನಿನಂಥ ಟಿಡಿಎಸ್ ಮೀಟರ್ ಇಷ್ಟು ಮೋಸದ್ದಲ್ಲ, ಆದರೆ ಅದು ಅಳೆಯುವುದೂ ನೀರು ವಿದ್ಯುತ್ತನ್ನು ಎಷ್ಟು ಹರಿಸುತ್ತದೆ ಎಂಬುದನ್ನೇ. ಅದರಿಂದ ಒಟ್ಟು ಲವಣದ ಅಂದಾಜು ಸಿಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದ ಕಡೆ 2000ದವರೆಗೂ ನಡೆಯುತ್ತದೆ. ಚರಂಡಿಯ ರೋಗಾಣು ಆ ಮೀಟರಿನ ಲೆಕ್ಕಕ್ಕೆ ಬರುವುದೇ ಇಲ್ಲ. ಅದು 180 ತೋರಿಸಿದ ಕಾಲುವೆ ನೀರಿನಲ್ಲಿ ಕಾಮಾಲೆಯ ವೈರಾಣು ಇರಬಹುದು, 900 ತೋರಿಸಿದ ತುಸು ಉಪ್ಪಾದ ನೀರನ್ನು ಒಂದು ಊರು ತಲೆಮಾರುಗಳಿಂದ ಕುಡಿದಿರಬಹುದು. ರುಚಿಗೂ ಇದೇ ಮಾತು. ನಾಲಿಗೆ ಉಪ್ಪನ್ನು ಹಿಡಿಯುತ್ತದೆ, ಫ್ಲೋರೈಡನ್ನು ಹಿಡಿಯುವುದಿಲ್ಲ.

"ಕುದಿಸಿದರೆ ಆಯಿತಲ್ಲ"

ರೋಗಾಣುವಿಗೆ ಕುದಿಸುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಕಾಲುವೆ ನೀರು, ಅಣೆಕಟ್ಟೆ ನೀರು ಬರುವ ಮನೆಗಳಿಗೆ ಇದು ಸರಿಯಾದ ಸಲಹೆ. ಕೊಳವೆಬಾವಿಯ ನೀರನ್ನೇ ಪೈಪಿಗೆ ಬಿಡುವ ಹೊರಬಡಾವಣೆಗಳಲ್ಲಿ ಇದೇ ಸಲಹೆ ಉಲ್ಟಾ ಹೊಡೆಯುತ್ತದೆ. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಐದು ಲೀಟರ್ ನೀರು ಕುದಿದು ನಾಲ್ಕು ಲೀಟರಾದರೆ ಫ್ಲೋರೈಡ್ 2.5 ಆಗುತ್ತದೆ. ನೀರು ಹಬೆಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ನೈಟ್ರೇಟಿನ ಕಥೆಯೂ ಇಷ್ಟೇ. ಅದು ಹೆಚ್ಚಾದರೆ ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಎಳೆಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುತ್ತದೆ. ಪಾಪ, ತಾಯಿ ಮಗುವಿಗೆಂದು ಹೆಚ್ಚು ಹೊತ್ತು ಕುದಿಸಿದಷ್ಟೂ ಅಪಾಯ ಹೆಚ್ಚು.

ಫ್ಲೋರೈಡಿಗೆ ಭಾರತೀಯ ಮಾನಕದ ಮಿತಿ 1 ಮಿಲಿಗ್ರಾಂ, ಅನಿವಾರ್ಯವಾದರೆ 1.5. ಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ, ಇನ್ನೂ ಹೆಚ್ಚಿದ್ದನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನು ಮೊಣಕಾಲುಗಳೇ ಬಾಗುತ್ತವೆ. ನಾಗೌರ್ ಸುತ್ತಿನ ಪ್ರದೇಶಕ್ಕೆ ಜನ ಬಾಂಕಾ ಪಟ್ಟಿ, ಅಂದರೆ ಬಾಗಿದವರ ಸೀಮೆ ಎಂದು ಹೆಸರಿಟ್ಟಿದ್ದು ಅದಕ್ಕೇ. ಪಾವಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಬಾಗಿದ ಮೂಳೆಯನ್ನು ಯಾವ ಔಷಧಿಯೂ ನೆಟ್ಟಗೆ ಮಾಡುವುದಿಲ್ಲ.

ಅಂಥ ನೀರಿಗೆ ಆರ್‌ಒ ಬೇಕೇ ಬೇಕು. ಫ್ಲೋರೈಡ್, ನೈಟ್ರೇಟ್, ಉಪ್ಪು ಎಲ್ಲದರ ಬಹುಭಾಗವನ್ನೂ ಅದು ತೆಗೆಯುತ್ತದೆ. ಆದರೆ ಜೋಧಪುರದ ಕಾಲುವೆ ನೀರಿಗೂ ಅದನ್ನೇ ಹಾಕಿಕೊಂಡು, ಒಂದು ಲೀಟರ್ ಕುಡಿಯಲು ಮೂರು ಲೀಟರ್ ಚರಂಡಿಗೆ ಬಿಡುವುದು ಯಾವ ನ್ಯಾಯ? ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ: ಆರ್‌ಒ ಯಂತ್ರ ಕ್ಲೋರಿನ್ನನ್ನೂ ತೆಗೆದುಬಿಡುತ್ತದೆ. ಆ ನೀರನ್ನು ಮಡಕೆಯಲ್ಲೋ, ಅಂಗಡಿಯವರು ತಂದಿಡುವ ಕ್ಯಾಂಪರ್ ಕ್ಯಾನಿನಲ್ಲೋ ಇಟ್ಟು ಲೋಟ ಅದ್ದಿದರೆ, ಕೈಯ ಕೊಳೆಯನ್ನು ಕೊಲ್ಲಲು ಅದರಲ್ಲಿ ಏನೂ ಉಳಿದಿರುವುದಿಲ್ಲ.

"ಎಲ್ಲ ಕಾರ್ಖಾನೆಗಳದ್ದೇ ಪಾಪ"

ಪಾಲಿ ಊರಿನ ಬಟ್ಟೆ ಕಾರ್ಖಾನೆಗಳು ಬಾಂಡಿ ನದಿಯನ್ನೂ, ಜೋಧಪುರದವು ಜೋಜರಿ ನದಿಯನ್ನೂ ಹಾಳುಮಾಡಿದ್ದು ನಿಜ. ಜೋಜರಿಯ ಸ್ಥಿತಿಯನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ಆದರೆ ಪಾಲಿಯ ನಲ್ಲಿ ನೀರಿನ ಮೂಲ ಜವಾಯಿ ಅಣೆಕಟ್ಟೆ. ಬಣ್ಣದ ನೀರಿನ ಏಟು ತಿಂದವರು ನದಿಯ ಕೆಳಗಿನ ರೈತರು, ಅವರ ಬಾವಿಗಳು. ಯುರೇನಿಯಂ ಎಂದರಂತೂ ಯಾರೋ ತಂದು ಸುರಿದಿದ್ದಾರೆ ಎಂದೇ ಗುಮಾನಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ರಾಜಸ್ಥಾನ ಮತ್ತು ಗುಜರಾತಿನ 324 ಬಾವಿಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. ರಾಜಸ್ಥಾನದ ಬಾವಿಗಳಲ್ಲಿ ಸುಮಾರು ಮೂರನೇ ಒಂದರಷ್ಟರಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೊಗ್ರಾಂ ಮಿತಿ ಮೀರಿತ್ತು. ಮೂಲ ಅಲ್ಲಿನ ಬಂಡೆಯೇ. ಅತಿಯಾಗಿ ನೀರೆತ್ತುವುದು, ಗೊಬ್ಬರ ಮತ್ತು ಚರಂಡಿಯ ನೈಟ್ರೇಟ್ ಅದನ್ನು ಕರಗಿಸಿ ಹೊರತರುತ್ತವೆ. ಕೆಡುವುದು ಮುಖ್ಯವಾಗಿ ಮೂತ್ರಪಿಂಡ, ವಿಕಿರಣದ ಭಯ ಆಮೇಲಿನದು.

"ಅಜ್ಜನ ಕಾಲದ ಬಾವಡಿ ನೀರು ಅಮೃತ"

ಮೆಟ್ಟಿಲುಬಾವಿಗಳ ಅಂದಚಂದಕ್ಕೆ ಯಾರ ತಕರಾರೂ ಇಲ್ಲ. ಆದರೆ ಆ ಮೆಟ್ಟಿಲುಗಳೇ ನಾರುಹುಣ್ಣಿನ ಮನೆಯಾಗಿದ್ದವು. ಕಾಲಿನ ಬೊಕ್ಕೆಯ ಉರಿ ತಾಳಲಾರದೆ ರೋಗಿ ನೀರಿಗಿಳಿಯುತ್ತಿದ್ದ, ಬೊಕ್ಕೆ ಒಡೆದು ಹುಳು ಮರಿಗಳನ್ನು ನೀರಿಗೆ ಬಿಡುತ್ತಿತ್ತು. ಅವನ್ನು ನುಂಗಿದ ಸೂಕ್ಷ್ಮ ನೀರುಚಿಗಟಗಳ ಸಮೇತ ಆ ನೀರು ಕುಡಿದವರ ಕಾಲಿನಿಂದ ವರ್ಷದ ಮೇಲೆ ಗಜದುದ್ದದ ದಾರದಂಥ ಹುಳು ಹೊರಬರುತ್ತಿತ್ತು. ದಿನಕ್ಕಿಷ್ಟು ಎಂದು ಕಡ್ಡಿಗೆ ಸುತ್ತಿ ಎಳೆಯುವುದೊಂದೇ ಚಿಕಿತ್ಸೆ. ಉತ್ತರ ಕರ್ನಾಟಕದ ಹಿರಿಯರಿಗೂ ಈ ಸಂಕಟ ನೆನಪಿರಬಹುದು. ದೇಶದ ಕೊನೆಯ ನಾರುಹುಣ್ಣಿನ ರೋಗಿ 1996ರ ಜುಲೈನಲ್ಲಿ ಜೋಧಪುರ ಜಿಲ್ಲೆಯಲ್ಲಿ ಸಿಕ್ಕರು, 2000ದಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಬಾವಡಿ ಬಿಡಿಸಿ ಕೈಪಂಪು ಕೊಟ್ಟದ್ದು ಈ ಗೆಲುವಿನ ದೊಡ್ಡ ಪಾಲು. ಎಷ್ಟೋ ಕಡೆ ಅದೇ ಕೈಪಂಪು ಫ್ಲೋರೈಡನ್ನು ಮೇಲೆತ್ತಿ ಕೊಟ್ಟಿತು ಎಂಬುದು ಇದರ ಇನ್ನೊಂದು ಮುಖ. ಮಳೆನೀರು ಹಿಡಿದಿಡುವ ಟಾಂಕಾಗಳಿಗೆ ಫ್ಲೋರೈಡಿನ ಕಾಟವಿಲ್ಲ, ಮುಚ್ಚಳ ಭದ್ರವಿದ್ದು ಅಂಗಳ ಚೊಕ್ಕಟವಿದ್ದರೆ ಇವತ್ತಿಗೂ ಒಳ್ಳೆಯ ನೀರು ಅಲ್ಲೇ ಸಿಗುತ್ತದೆ.

ಓದು, ನೌಕರಿ, ಸೇನೆಯ ಕೆಲಸವೆಂದು ಆ ಕಡೆ ಮನೆ ಮಾಡುವವರು ಮಾಲೀಕರನ್ನು ಮೊದಲು ಕೇಳಬೇಕಾದದ್ದು, ನಲ್ಲಿಗೆ ಬರುವುದು ಕಾಲುವೆ ಅಥವಾ ಅಣೆಕಟ್ಟೆ ನೀರೋ, ಕೊಳವೆಬಾವಿಯದೋ ಎಂದು. ಕೊಳವೆಬಾವಿಯದಾದರೆ ಜಿಲ್ಲಾ ಪ್ರಯೋಗಾಲಯದಲ್ಲಿ ಫ್ಲೋರೈಡ್, ನೈಟ್ರೇಟ್ ಪರೀಕ್ಷೆ ಮಾಡಿಸಿ, ಹೆಚ್ಚಿದ್ದರೆ ಮಾತ್ರ ಆರ್‌ಒ ಹಾಕಿಸಿ. ಕಾಲುವೆಯದಾದರೆ ನೀರು ಬಿಟ್ಟ ಮೊದಲ ಕೆಲವು ನಿಮಿಷದ್ದನ್ನು ಬಚ್ಚಲಿಗೆ, ಪಾಯಿಖಾನೆಗೆ ಬಳಸಿ, ಕುಡಿಯಲು ಆಮೇಲಿನದನ್ನು ಹಿಡಿದು ಕುದಿಸಿ. ನಲ್ಲಿಯ ತುದಿಯಲ್ಲಿ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುವುದು ಮಾನಕ. ಅದನ್ನು ನೋಡುವ ಪುಟ್ಟ ಕಿಟ್ ಹೆಚ್ಚು ದುಬಾರಿಯಲ್ಲ. ಕೊಳವೆಯಲ್ಲಿ ನಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಬಿಟ್ಟರೆ ತೆಳು ಹಳದಿ ಬಣ್ಣ ಬರಬೇಕು. ಬಾರದಿದ್ದರೆ ಜಲದಾಯ ವಿಭಾಗಕ್ಕೆ ಬರವಣಿಗೆಯಲ್ಲೇ ದೂರು ಕೊಡಿ, ಅಕ್ಕಪಕ್ಕದ ಮನೆಯವರ ಸಹಿಯನ್ನೂ ಹಾಕಿಸಿ. ಹಳದಿ ಬಂದರೂ ಕೊಳವೆಯಲ್ಲಿದ್ದ ನೀರನ್ನು ಮಾತ್ರ ಚೆಲ್ಲಿಬಿಡಿ, ಆ ದ್ರಾವಣ ಹೊಟ್ಟೆಗೆ ಹೋಗುವಂಥದ್ದಲ್ಲ.